ಕುಂಟೋದು ನಿಂತೈತೆ

ಕೆರೆಯ ಹೆಸರು ಹೇಳುವುದಿಲ್ಲ. ಹೇಳಿದರೆ ಕತ್ತಿಗೆ ಕ್ಯಾಮೆರಾ ನೇತುಹಾಕಿಕೊಂಡು ಇನ್ನಷ್ಟು ಜನ ಬರುತ್ತಾರೆ, ಬಂದವರು ಚಿಪ್ಸ್ ಕವರು ಬಿಟ್ಟು ಹೋಗುತ್ತಾರೆ. ಯಲಹಂಕದ ಹತ್ತಿರ ಎಂದಿಟ್ಟುಕೊಳ್ಳಿ. ಹಕ್ಕಿಗಳಿಗೆಂದು ಕಾದಿಟ್ಟ ಜಾಗ ಅದು. ಸುತ್ತ ತಂತಿಬೇಲಿ, ಒಂದು ಗೇಟು, ಗೇಟಿನ ಪಕ್ಕ ಏನೇನು ಮಾಡಬಾರದು ಎಂದು ಬರೆದ ಹಸಿರು ಬೋರ್ಡು. ಬೇಲಿ ಹರಿದಿದ್ದ ಕಡೆಯಿಂದ ನಾಲ್ಕು ಕುಳ್ಳ ಕುದುರೆಗಳು ಒಳಗೆ ಬಂದು ಸೇರಿಕೊಂಡಿದ್ದವು. ಬೋರ್ಡಿನಲ್ಲಿ ಕುದುರೆಯ ವಿಷಯ ಏನೂ ಇರಲಿಲ್ಲ.

ಯಾರ ಕುದುರೆಗಳೋ ಯಾರಿಗೆ ಗೊತ್ತು. ಪಾರ್ಕಿನ ಮುಂದೆ ಮಕ್ಕಳನ್ನು ಕೂರಿಸಿ ಒಂದು ಸುತ್ತು ಹೊಡೆಸುತ್ತಾರಲ್ಲ, ಆ ಜಾತಿಯವು. ವಯಸ್ಸಾದ ಮೇಲೆ ಮೇವು ಹಾಕುವುದು ದಂಡ ಎಂದು ಯಾರೋ ಪುಣ್ಯಾತ್ಮರು ತಂದು ಬಿಟ್ಟು ಹೋಗಿದ್ದರು. ಅರಣ್ಯ ಇಲಾಖೆಯವರನ್ನು ಕೇಳಿದ್ದಕ್ಕೆ, "ಮೇಯ್ಲಿ ಬಿಡಿ ಮೇಡಂ, ಹುಲ್ಲು ಕಮ್ಮಿ ಆದ್ರೆ ಬೇಸ್ಗೇಲಿ ಬೆಂಕಿ ಭಯ ತಪ್ಪುತ್ತೆ. ನೋಡ್ಕೊಳ್ಳೋರಿದ್ರೆ ನೋಡ್ಕೊಳ್ಳಿ" ಅಂದರು. ನೋಡಿಕೊಳ್ಳುವವರು ಅಂದರೆ ನಾವೇ ಎಂದು ಅರ್ಥ ಮಾಡಿಕೊಳ್ಳುವಷ್ಟು ಪೆದ್ದರು ನಮ್ಮಲ್ಲಿ ಹತ್ತಿಪ್ಪತ್ತು ಜನ ಸಿಕ್ಕಿದರು.

ನಾನು ಸೇರಿದ್ದು ಕರುಣೆಯಿಂದ ಅಲ್ಲ, ಸಕ್ಕರೆ ಕಾಯಿಲೆಯಿಂದ. ದಿನಾ ನಡೀರಿ ಎಂದು ವೈದ್ಯರು ಬೈದಿದ್ದರು. ಕೊಡಿಗೇಹಳ್ಳಿಯ ನಮ್ಮ ಬೀದಿಯಲ್ಲಿ ನಡೆಯಲು ಹೊರಟರೆ ಫುಟ್‌ಪಾತಿನ ಮೇಲೆ ಬೈಕುಗಳೇ ನಡೆಯುತ್ತಿದ್ದವು. ಕೆರೆಯ ಏರಿಯ ಮೇಲಾದರೂ ಮನುಷ್ಯರ ಹಾಗೆ ಕಾಲು ಹಾಕಬಹುದು ಎಂದು ಹೋದೆ. ಬೀದಿನಾಯಿ ಕಂಡರೆ ರಸ್ತೆ ದಾಟುವ ಹೆಂಗಸು ನಾನು. ಆರು ತಿಂಗಳಲ್ಲಿ ಕುದುರೆಯ ಲದ್ದಿಯನ್ನು ಕಡ್ಡಿಯಿಂದ ಕೆದಕಿ, ಒಳಗೆ ಪ್ಲಾಸ್ಟಿಕ್ ಇದೆಯಾ ಎಂದು ನೋಡುವ ಮಟ್ಟಕ್ಕೆ ಬಂದಿದ್ದೆ. ಮನೆಯಲ್ಲಿ ಊಟದ ಹೊತ್ತಿಗೆ ಆ ಮಾತು ತೆಗೆದರೆ ಗಂಡ ತಟ್ಟೆ ಎತ್ತಿಕೊಂಡು ಟಿವಿ ಮುಂದೆ ಹೋಗಿಬಿಡುತ್ತಿದ್ದರು.

ಕೆಲಸ ಕಷ್ಟದ್ದೇನಲ್ಲ. ದಿನಕ್ಕೊಬ್ಬರ ಪಾಳಿ. ಬೆಳಗ್ಗೆ ಹೋಗಿ ನಾಲ್ಕನ್ನೂ ಹುಡುಕಬೇಕು. ಕಣ್ಣು, ಕಾಲು, ಗೊರಸು, ಬೆನ್ನು ನೋಡಬೇಕು. ಮೇಯುತ್ತಿವೆಯಾ, ಮಲಗಿವೆಯಾ, ನೀರಿಗೆ ಇಳಿಯುತ್ತಿವೆಯಾ ನೋಡಿ ವಾಟ್ಸಾಪ್ ಗ್ರೂಪಿಗೆ ಹಾಕಬೇಕು. ಗ್ರೂಪಿನ ಅಡ್ಮಿನ್ ಪಕ್ಕದ ದೊಡ್ಡ ಅಪಾರ್ಟ್‌ಮೆಂಟಿನ ಹುಡುಗ. ಒಳ್ಳೆಯವನು, ಔಷಧಿಗೆ ಕೈಯಿಂದಲೇ ಖರ್ಚು ಮಾಡುತ್ತಿದ್ದ, ಆದರೆ ಕಾನೂನು ಮಾಡುವ ಚಟ. ಕುದುರೆಗಳಿಗೆ ಹೆಸರಿಡಬಾರದು, ಇಟ್ಟರೆ ಮನಸ್ಸು ಅಂಟಿಕೊಳ್ಳುತ್ತದೆ. ಮುಟ್ಟಬಾರದು, ತಿಂಡಿ ಕೊಡಬಾರದು. ಕಥೆ ಬರೆಯಬಾರದು, ಎರಡೇ ಮಾತಿನಲ್ಲಿ ಮುಗಿಸಬೇಕು. ಮಾತಾಡಿ ರೆಕಾರ್ಡ್ ಮಾಡಿದ ವಾಯ್ಸ್ ಮೆಸೇಜಂತೂ ಕೂಡದೇ ಕೂಡದು, ಆಫೀಸಿನ ಮೀಟಿಂಗಿನಲ್ಲಿ ಕೂತವರು ಕೇಳಿಸಿಕೊಳ್ಳುವುದು ಹೇಗೆ?

ಹೆಸರಿಲ್ಲದ ಮೇಲೆ ಕರೆಯುವುದು ಹೇಗೆ? ಬಣ್ಣ, ಆಕಾರ ಹಿಡಿದು ಬಿಳೀದು, ಕರೀದು, ಮೋಟು ಬಾಲದ್ದು ಅನ್ನುತ್ತಿದ್ದೆವು. ನಾಲ್ಕನೆಯದು ಮಣ್ಣಿನ ಬಣ್ಣದ್ದು. ಯಾರೋ ಬಿಸಾಡಿದ ಮೀನಿನ ಬಲೆಯ ನೈಲಾನ್ ದಾರ ಅದರ ಮುಂಗಾಲಿಗೆ ಸುತ್ತಿಕೊಂಡು ಚರ್ಮ ಕೊಯ್ದಿತ್ತು. ಪ್ರಾಣಿಗಳ ಡಾಕ್ಟರಮ್ಮ ಒಬ್ಬಳು ಒಮ್ಮೆ ಬಂದು ದಾರ ಬಿಡಿಸಿ ಹೋಗಿದ್ದಳು, ಆದರೂ ಕೀವು ಗೊರಸಿನೊಳಗೆ ಇಳಿದಿತ್ತು. ಅದನ್ನು ಎಲ್ಲರೂ ಕುಂಟೋದು ಅನ್ನುತ್ತಿದ್ದರು. "ಬಿಳೀದು ಮೇಯ್ತಿದೆ, ಮೋಟು ಮಲಗಿದೆ, ಕುಂಟೋದು ನೀರಿನ ಹತ್ರ." ಇಷ್ಟೇ ನಮ್ಮ ವರದಿ.

ಗ್ರೂಪಿನಲ್ಲಿ ಊರಿನವರು ಎಂದು ಇದ್ದದ್ದು ತಾತ ಒಬ್ಬರೇ. ಉಳಿದವರೆಲ್ಲ ನನ್ನ ಹಾಗೆ ಎಲ್ಲಿಂದಲೋ ಬಂದು ಬಾಡಿಗೆಗೋ ಸಾಲಕ್ಕೋ ಮನೆ ಹಿಡಿದವರು. ತಾತನ ಮನೆ ಈಗ ನಾಲ್ಕು ಮಹಡಿ. ಮಗ ಕಟ್ಟಡ ಕಟ್ಟಿಸುತ್ತಾನೆ. ಸೊಸೆ ಹೊತ್ತಿಗೆ ಸರಿಯಾಗಿ ಮುದ್ದೆ ಇಕ್ಕುತ್ತಾಳೆ. ದನದ ಕೊಟ್ಟಿಗೆ ಇದ್ದ ಜಾಗದಲ್ಲಿ ನೀರಿನ ಕ್ಯಾನಿನ ಅಂಗಡಿ. ತಾತನಿಗೆ ಏನೂ ಕಮ್ಮಿ ಇರಲಿಲ್ಲ, ಕೆಲಸವೊಂದು ಇರಲಿಲ್ಲ, ಅಷ್ಟೆ. ತಮ್ಮ ಪಾಳಿ ಇರಲಿ ಬಿಡಲಿ ದಿನಾ ಬರುತ್ತಿದ್ದರು. ಒಂದು ಕಿವಿ ಮಂದ, ಹಾಗಾಗಿ ಹತ್ತಿರ ಕೂತು ಮಾತಾಡಿದರೂ ಆಚೆ ದಡಕ್ಕೆ ಕೇಳಿಸುವ ಹಾಗೆ ಕೂಗುತ್ತಿದ್ದರು. ಆ ಕೂಗಿಗೆ ಹಕ್ಕಿಗಳು ಏಳುತ್ತಿದ್ದವು, ಕ್ಯಾಮೆರಾದವರು ಶಾಪ ಹಾಕುತ್ತಿದ್ದರು, ಕುಂಟೋದು ಮಾತ್ರ ಕಿವಿ ನಿಮಿರಿಸಿಕೊಂಡು ಅವರ ಕಡೆಗೆ ಬರುತ್ತಿತ್ತು.

"ನಂಗೆ ದನ ಗೊತ್ತು ಕಣಮ್ಮ, ಕುದ್ರೆ ಗೊತ್ತಿಲ್ಲ. ಆದ್ರೂ ಇದ್ಕೆ ನಾನು ಗೊತ್ತು ನೋಡು," ಅನ್ನುತ್ತಿದ್ದರು ತಾತ. ಪಂಚೆಯ ಸೊಂಟದಲ್ಲಿ ಬೆಲ್ಲದ ಚೂರು ಇರುತ್ತಿತ್ತು. ತಿಂಡಿ ಕೊಡಬಾರದು ಎಂಬ ಕಾನೂನು ನೆನಪಿಸಿದರೆ, "ನಾನೆಲ್ ಕೊಟ್ಟೆ, ಅದೇ ಕಿತ್ಕಂಡು ತಿಂತು," ಎಂದು ನಗುತ್ತಿದ್ದರು.

ಚಳಿಗಾಲ ಮುಗಿಯುವ ಹೊತ್ತಿಗೆ ಇಲಾಖೆಯವರು ರಾಗ ಬದಲಾಯಿಸಿದರು. ಬೇಲಿ ಹೊಸದಾಗಿ ಹಾಕುತ್ತಾರಂತೆ, ಅಷ್ಟರೊಳಗೆ ಕುದುರೆ ಖಾಲಿ ಮಾಡಬೇಕಂತೆ, ಇಲ್ಲದಿದ್ದರೆ ಹಿಡಿಸಿ ಹರಾಜು ಹಾಕುತ್ತಾರಂತೆ. ಮುದಿ ಕುದುರೆಯನ್ನು ಹರಾಜಿನಲ್ಲಿ ಯಾರು ಕೊಳ್ಳುತ್ತಾರೆ, ಯಾತಕ್ಕೆ ಕೊಳ್ಳುತ್ತಾರೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅಡ್ಮಿನ್ ಊರೆಲ್ಲ ವಿಚಾರಿಸಿ, ರಾಜಾನುಕುಂಟೆಯ ಆಚೆ ತೋಟವಿರುವ ಒಬ್ಬರನ್ನು ಹುಡುಕಿದ. ಅವರ ಬಳಿ ಆಗಲೇ ಐದಾರು ಹಳೆಯ ಕುದುರೆಗಳಿದ್ದವು. ನಾಲ್ಕನ್ನೂ ಇಟ್ಟುಕೊಳ್ಳಲು ಒಪ್ಪಿದರು, ಒಂದೇ ಒಂದು ಮಾತಿನ ಮೇಲೆ. "ಕುಂಟ್ತಾ ಇರೋದನ್ನ ತರ್ಬೇಡಿ. ನಮ್ಮವು ಸುಮ್ನಿರಲ್ಲ, ಒದ್ದು ಸಾಯಿಸ್ಬಿಡ್ತವೆ. ಕುಂಟೋದು ನಿಂತ್ಮೇಲೆ ಎಲ್ಲಾನೂ ಒಟ್ಟಿಗೆ ಕರ್ಕೊಂಡ್ ಬನ್ನಿ."

ಅಲ್ಲಿಂದಾಚೆಗೆ ಗ್ರೂಪಿನಲ್ಲಿ ಬೇರೆ ಮಾತೇ ಇಲ್ಲ. ಬೆಳಗಾದರೆ, "ಕುಂಟೋದು ನಿಂತಿತಾ?" "ಇವತ್ತು ಸ್ವಲ್ಪ ಕಮ್ಮಿ." "ಇವತ್ತು ಜಾಸ್ತಿ." "ಕುಂಟೋದು ಯಾವಾಗ ನಿಲ್ಲುತ್ತೆ ಡಾಕ್ಟ್ರೇ?" ಗೊರಸು ಕೊಯ್ದು ಕೀವು ತೆಗೆದರೆ ನಿಲ್ಲಬಹುದು ಎಂದಳು ಡಾಕ್ಟರಮ್ಮ. ಹೆಬ್ಬಾಳದ ಕಡೆ ಕೆಲಸ ಮಾಡುವ ಚಿಕ್ಕ ವಯಸ್ಸಿನ ಹುಡುಗಿ, ಬಿಡುವಿದ್ದಾಗ ಬಿಟ್ಟಿಯಾಗಿ ಬರುತ್ತಿದ್ದಳು. ಶನಿವಾರ ಮಧ್ಯಾಹ್ನ ಬಂದು ಕೊಯ್ಯುತ್ತೇನೆ, ಗಾಯ ಮಾಯುವ ತನಕ ನಮ್ಮಲ್ಲೇ ಶೆಡ್ಡಿನಲ್ಲಿ ಕಟ್ಟಿಕೊಳ್ಳುತ್ತೇನೆ ಎಂದಳು. ನನಗೆ ನಿಜವಾಗಿಯೂ ಎದೆಯ ಮೇಲಿನ ಭಾರ ಇಳಿದಂತಾಯಿತು.

ತಾತ ಮಾತ್ರ ಅದಕ್ಕಿಂತ ಮುಂದಕ್ಕೆ ಹೋಗಿದ್ದರು. ಗುರುವಾರ ಏರಿಯ ಮೇಲೆ ಕುಂಟೋದರ ಜೊತೆ ಸಿಕ್ಕಿದವರೇ, "ರಾಜಾನ್‌ಕುಂಟೆಗೆ ಇಲ್ಲಿಂದ ಬಸ್ ಎಂಗಮ್ಮ? ಯಲಂಕದಲ್ ಇಳ್ದು ಅತ್ಬೇಕಾ?" ಎಂದು ಕೇಳಿದರು.

"ಯಾಕ್ ತಾತ, ನೆಂಟ್ರಿದಾರಾ?"

"ಕೆಲ್ಸ ಸಿಕ್ತು ಕಣಮ್ಮ!" ಅಂದರು. ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದಿತ್ತು. "ಆ ತೋಟದೋರಿಗೆ ನಾನೇ ಫೋನ್ ಮಾಡ್ಸಿದ್ದೆ. ಲದ್ದಿ ಬಾಚೋಕೆ ಜನ ಸಿಕ್ತಿಲ್ಲ ಅಂದ್ರು. ನಾನ್ ಬತ್ತೀನಿ, ಕೂಲಿ ಬ್ಯಾಡ, ಒಂದ್ ಲೋಟ ಕಾಪಿ ಕೊಡಿ ಸಾಕು ಅಂದೆ. ಇದ್ನ ಕರ್ಕಂಡೇ ಬನ್ನಿ ತಾತ ಅಂದ್ರು. ಇದ್ರ ಕಾಲೊಂದು ಉಸಾರಾಗ್ಲಿ."

"ಮಗ ಬಿಡ್ತಾನಾ?"

"ಅವ್ನಿಗೆ ಏಳೋರ್ಯಾರು?"

ಈ ವಯಸ್ಸಿನಲ್ಲಿ ಲದ್ದಿ ಬಾಚಲು ಬಸ್ಸು ಹತ್ತುತ್ತೇನೆ ಎಂದು ಕುಣಿಯುವವರನ್ನು ನಾನು ಬೇರೆ ಎಲ್ಲೂ ನೋಡಿಲ್ಲ. ಬಸ್ಸಿನ ದಾರಿ ಎರಡು ಸಲ ಹೇಳಿದೆ. ಅವರು ಮೂರನೆಯ ಸಲ ಕುದುರೆಯ ಕಿವಿಯಲ್ಲಿ ಹೇಳಿದರು.

ಶನಿವಾರ ತಾತನದೇ ಪಾಳಿ. ನಾನು ಯಶವಂತಪುರದ ಕಲ್ಯಾಣಮಂಟಪವೊಂದರಲ್ಲಿ ನೆಂಟರ ಮದುವೆಗೆ ಹೋಗಿದ್ದೆ. ತಿಂಡಿಯ ಪಂಕ್ತಿಯಲ್ಲಿ ಕೂತಿದ್ದಾಗ ಫೋನು ಗುಂಯ್‌ಗುಟ್ಟಿತು. ತಾತನ ಮೆಸೇಜು. ಅವರಿಗೆ ಅಕ್ಷರ ಒತ್ತಲು ಬಾರದು. ಮೈಕಿನ ಗುರುತು ಒತ್ತಿ ಮಾತಾಡಿದರೆ ಮಾತೇ ಅಕ್ಷರವಾಗಿ ಬೀಳುತ್ತದೆ ಎಂದು ನಾನೇ ಹೇಳಿಕೊಟ್ಟಿದ್ದೆ. ತೆರೆಯ ಮೇಲೆ ಎರಡೇ ಮಾತು ಇತ್ತು.

"ಕುಂಟೋದು ನಿಂತೈತೆ."

ಅಯ್ಯೋ, ಆ ಕ್ಷಣದ ಸಂತೋಷ ಏನು ಹೇಳಲಿ! ಗ್ರೂಪಿನಲ್ಲಿ ಹಬ್ಬವೇ ಆಗಿಹೋಯಿತು. ಹೃದಯ, ಚಪ್ಪಾಳೆ, ಮುಗಿದ ಕೈ, ಸಾಲುಸಾಲು ಮುಗಿದ ಕೈ. ನಾನೂ ಕೈ ಮುಗಿದೆ. ಅಡ್ಮಿನ್ ಇಂಗ್ಲಿಷಿನಲ್ಲಿ ಉದ್ದಕ್ಕೆ ಬರೆದ. ಡಾಕ್ಟರಿಗೆ ಇವತ್ತು ಬರುವುದು ಬೇಡ ಎಂದು ತಿಳಿಸಿದ್ದೇನೆ, ತೋಟದವರಿಗೂ ಹೇಳಿದ್ದೇನೆ, ನಾಳೆ ಬೆಳಗ್ಗೆಗೆ ಟೆಂಪೊ ಗೊತ್ತು ಮಾಡಿದ್ದೇನೆ, ಎಲ್ಲರೂ ಬೀಳ್ಕೊಡಲು ಬನ್ನಿ. ಪಕ್ಕದ ಎಲೆಯ ಹೆಂಗಸು, "ಏನ್ರೀ ಸಮಾಚಾರ, ಮಗಳಿಗೆ ಗಂಡು ಗೊತ್ತಾಯ್ತಾ?" ಎಂದು ಕೇಳಿದಳು. ಕುದುರೆಯ ಕುಂಟು ನಿಂತಿತು ಅಂದರೆ ಆಕೆ ನನ್ನನ್ನು ಹೇಗೆ ನೋಡುತ್ತಿದ್ದಳೋ. ನಕ್ಕು ತಿಂಡಿಗೆ ಕೈ ಹಾಕಿದೆ. ಮಧ್ಯಾಹ್ನ ಸಕ್ಕರೆ ಕಾಯಿಲೆ ಮರೆತು ಎರಡು ಹೋಳಿಗೆ ತಿಂದೆ.

ಭಾನುವಾರ ಬೆಳಗ್ಗೆ ನಾನು ಹೋಗುವಷ್ಟರಲ್ಲಿ ಗೇಟಿನ ಮುಂದೆ ಟೆಂಪೊ ಬಂದಿತ್ತು. ಹಿಂದೆ ಹುಲ್ಲು ಹಾಸಿದ್ದರು. ಅಡ್ಮಿನ್ ಮತ್ತು ಅವನ ಹೆಂಡತಿ ಚೆಂಡುಹೂವಿನ ನಾಲ್ಕು ಹಾರ ತಂದಿದ್ದರು. ಹೆಸರಿಡಬೇಡಿ, ಮನಸ್ಸು ಅಂಟುತ್ತದೆ ಅಂದವನೇ ಹಾರ ತಂದಿದ್ದಾನಲ್ಲ ಎಂದು ಅವನನ್ನು ರೇಗಿಸಿದೆ. "ಸುಮ್ನಿರಿ ಆಂಟಿ," ಅಂದ, ಕಣ್ಣು ಒದ್ದೆಯಾಗಿತ್ತು. ತಾತ ಎಲ್ಲಿ ಎಂದು ಕೇಳಿದೆ. ಏರಿಯ ಮೇಲೆ ಕೂತಿದ್ದಾರೆ, ಕೂಗಿದರೆ ತಿರುಗಿಯೂ ನೋಡಲಿಲ್ಲ ಅಂದ. ಕಿವಿ ಕೇಳಿಸಿರಲಿಕ್ಕಿಲ್ಲ ಎಂದು ನಾವು ನಗುತ್ತಲೇ ನಡೆದೆವು.

ತಾತ ಏರಿಯ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದರು. ಪಕ್ಕದಲ್ಲಿ ನೀಲಿ ಬಕೆಟ್, ತುಂಬ ನೀರು. ಅವರು ನೋಡುತ್ತಿದ್ದ ಕಡೆ ನಾನೂ ನೋಡಿದೆ. ಏರಿಯ ಇಳಿಜಾರಿಗೆ ಜೋಡಿಸಿದ ಕಲ್ಲುಗಳ ನಡುವೆ ಕುಂಟೋದು ಬಿದ್ದಿತ್ತು. ಹಿಂಗಾಲೊಂದು ಎರಡು ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡು, ಯಾವ ಕಾಲೂ ಬಾಗಬಾರದ ಕಡೆಗೆ ಬಾಗಿತ್ತು. ಮೈಯ ಮೇಲೆಲ್ಲ ನಾಯಿಗಳ ಹಲ್ಲಿನ ಗುರುತು, ರಾತ್ರಿ ಅಟ್ಟಿದ್ದಿರಬೇಕು. ಹೊಟ್ಟೆ ಏರಿಳಿಯುತ್ತಿತ್ತು, ಕಣ್ಣು ತೆರೆದೇ ಇತ್ತು. ಉಳಿದ ಮೂರು ಆಚೆ ಹುಲ್ಲಿನಲ್ಲಿ ತಮ್ಮ ಪಾಡಿಗೆ ಮೇಯುತ್ತಿದ್ದವು.

ಅಡ್ಮಿನ್ ಹಾರಗಳನ್ನು ಬೆನ್ನ ಹಿಂದೆ ಹಿಡಿದುಕೊಂಡ. ಡಾಕ್ಟರಮ್ಮನಿಗೆ ಫೋನ್ ಹಚ್ಚಿ ಏನೇನೋ ತೊದಲಿದ. ಬರುತ್ತೇನೆ ಎಂದಳಂತೆ.

ನಾನು ತಾತನ ಪಕ್ಕ ಕೂತೆ. ಬೈಯುತ್ತಾರೇನೋ ಅಂದುಕೊಂಡೆ. ಅವರು ಬೈಯಲಿಲ್ಲ. ಎಂದೂ ಇಲ್ಲದ ಸಣ್ಣ ದನಿಯಲ್ಲಿ ಕೇಳಿದರು.

"ನೆನ್ನೆ ಯಾಕಮ್ಮ ಯಾರೂ ಬರ್ಲಿಲ್ಲ?"

"ತಾತ, ಕುಂಟೋದು ನಿಂತಿದೆ ಅಂತ ನೀವೇ ಹಾಕಿದ್ರಲ್ಲ."

"ಊಂ ಮತ್ತೆ. ನಿಂತೇ ಇತ್ತು. ನಾನ್ ಬಂದಾಗ್ಲಿಂದ ನಿಂತಿದ್ ಜಾಗ್‌ದಲ್ಲೇ ನಿಂತಿತ್ತು. ಒಂದೆಜ್ಜೆ ಎತ್ತಿಡ್ಲಿಲ್ಲ, ಒಂದ್ ಕಡ್ಡಿ ಉಲ್ಲು ಮುಟ್ಲಿಲ್ಲ. ಬೆಲ್ಲ ಬಾಯ್ಗಿಟ್ರೆ ಉಗೀತು. ಅದ್ಕೇ ಆಕ್ದೆ. ಎಲ್ರೂ ಕೈ ಮುಗ್ದ್ರಲ್ಲಮ್ಮ, ಡಾಕ್ಟ್ರಮ್ಮ ಬಿರ್ರನೆ ಬತ್ತಾಳೆ ಅಂತ ಕಾದೆ. ಕತ್ಲಾಗೋಗಂಟ ಕಾದೆ."

ನನಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಫೋನು ತೆಗೆದು ಆ ಎರಡು ಮಾತನ್ನು ಮತ್ತೆ ಓದಿದೆ. ಕುಂಟೋದು ಅಂದರೆ ಅವರಿಗೆ ಆ ಪ್ರಾಣಿ, ನಮಗೆ ಅದರ ಕುಂಟು. ನಿಂತಿದೆ ಅಂದರೆ ಅವರಿಗೆ ನಿಂತಿರುವುದು, ನಮಗೆ ನಿಂತುಹೋದದ್ದು. ಒಂದಕ್ಷರದ ತಪ್ಪೂ ಇರಲಿಲ್ಲ. ಅವರ ದನಿಯಲ್ಲಿ ಕೇಳಿದ್ದರೆ ಎಂಥ ಕಿವುಡರಿಗೂ ಗೊತ್ತಾಗುತ್ತಿತ್ತು. ಥೂ, ಆ ದನಿ ಬೇಡ ಎಂದು ಕಾನೂನು ಮಾಡಿಕೊಂಡು ಕೂತಿದ್ದೆವಲ್ಲ! ಇಪ್ಪತ್ತು ಜನರಲ್ಲಿ ಒಬ್ಬರಾದರೂ ಒಂದು ಫೋನು ಮಾಡಿ, ಹೌದಾ ತಾತ, ಹೇಗೆ ಓಡಾಡುತ್ತಿದೆ ಎಂದು ಕೇಳಬಾರದಿತ್ತೇ? ಯಾರೂ ಕೇಳಲಿಲ್ಲ. ಎಲ್ಲರೂ ಕೈ ಮುಗಿದುಬಿಟ್ಟೆವು.

ಇದನ್ನು ಅವರಿಗೆ ಹೇಳುವುದು ಹೇಗೆ? ನಿಮ್ಮ ಮಾತು ನಮಗೆ ಬೇರೆಯಾಗಿ ಕೇಳಿಸಿತು ಅಂದರೆ, ತಮ್ಮ ಮಾತಿನಿಂದಲೇ ಹೀಗಾಯಿತು ಎಂದು ಆ ಜೀವ ಕೊರಗುತ್ತದೆ. "ಡಾಕ್ಟರ್‌ಗೆ ಬರೋಕಾಗ್ಲಿಲ್ಲ ತಾತ," ಅಂದೆ.

"ಪಾಪ, ಅವ್ಳಿಗೂ ಎಷ್ಟು ಕೆಲ್ಸಾನೋ," ಅಂದರು.

ನೆತ್ತಿಯ ಮೇಲೆ ವಿಮಾನಗಳು ಒಂದರ ಹಿಂದೊಂದು ಇಳಿಯುತ್ತಿದ್ದವು. ಪ್ರತಿ ಸದ್ದಿಗೂ ಕುಂಟೋದು ತಲೆ ಎತ್ತಲು ನೋಡುತ್ತಿತ್ತು, ಆಗದೆ ಕಲ್ಲಿಗೆ ಬಡಿದುಕೊಳ್ಳುತ್ತಿತ್ತು. ತಾತ ಇಳಿದು ಹೋಗಿ ಹೆಗಲ ಮೇಲಿನ ಟವೆಲನ್ನು ಮಡಿಸಿ ಅದರ ತಲೆಯ ಕೆಳಗೆ ಇಟ್ಟು ಬಂದರು. ಬಕೆಟಿನಿಂದ ಅಂಗೈಯಲ್ಲಿ ನೀರು ತೆಗೆದುಕೊಂಡು ಹೋಗಿ ತುಟಿಗೆ ಹಚ್ಚಿದರು. ಕುಡಿಯಲಿಲ್ಲ. "ಎದ್ ನಿಂತ್ಕಂಡ್ರೆ ಕುಡೀತದೆ," ಎಂದರು ನನಗೆ. "ದನ ಆದ್ರೂ ಅಷ್ಟೇ, ಬಿದ್ಕಂಡಿದ್ದಾಗ ನೀರು ಗಂಟ್ಲಾಗಿಳಿಯಲ್ಲ. ಒಂದ್ ಸತಿ ನಿಂತ್ಕಬೇಕು, ಅಷ್ಟೇಯ." ಗೇಟಿನ ಕಡೆಯಿಂದ ಟೆಂಪೊದವನು ಹಾರ್ನ್ ಮಾಡುತ್ತಿದ್ದ, ಅವನಿಗೆ ಬೇರೆ ಬಾಡಿಗೆ ಇತ್ತೇನೋ.

ಡಾಕ್ಟರಮ್ಮ ಬಂದಳು. ಕಲ್ಲಿನ ಮೇಲೆ ಮಂಡಿಯೂರಿ ಆ ಕಾಲನ್ನು ಮುಟ್ಟಿ ನೋಡಿದಳು, ಹೆಚ್ಚು ಹೊತ್ತು ನೋಡಲಿಲ್ಲ. ನನ್ನ ಮತ್ತು ಅಡ್ಮಿನ್ನನ ಕಡೆ ತಿರುಗಿ ತಲೆ ಆಡಿಸಿದಳು. ಕುದುರೆಗೆ ಅಲ್ಲಿ ಮೂಳೆ ಮುರಿದರೆ ಕೂಡಿಸಲು ಬರುವುದಿಲ್ಲ, ಮೂರು ಕಾಲಿನ ಮೇಲೆ ಅದು ಬದುಕುವುದಿಲ್ಲ, ಹೀಗೇ ಬಿಟ್ಟರೆ ನರಳಿ ನರಳಿ ಸಾಯುತ್ತದೆ ಎಂದಳು. ಹಲ್ಲು ಕಚ್ಚಿಕೊಂಡು, "ನಿನ್ನೆ ನಾನ್ ಬಂದಿದ್ರೆ ಇದು ಶೆಡ್ಡಲ್ಲಿರ್ತಿತ್ತು," ಅಂದಳು. ಅಡ್ಮಿನ್ ಹಾರಗಳನ್ನು ಅಲ್ಲೇ ಕಲ್ಲಿನ ಮೇಲೆ ಇಟ್ಟ. ಪಾಪ, ಅವನನ್ನು ಬೈಯಲು ನನಗೂ ಬಾಯಿ ಬರಲಿಲ್ಲ.

ತಾತನಿಗೆ ಹೇಳುವವರು ಯಾರು? ನಾನು ಡಾಕ್ಟರಮ್ಮನ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಕೊನೆಗೆ ಅವಳೇ ಹತ್ತಿರ ಹೋಗಿ, ಕೇಳಿಸುವ ಕಿವಿಯ ಕಡೆ ಬಾಗಿ ಗಟ್ಟಿಯಾಗಿ ಹೇಳಿದಳು. "ತಾತ, ಇಂಜೆಕ್ಷನ್ ಕೊಡ್ತೀನಿ. ಇನ್ಮೇಲೆ ಅದಕ್ಕೆ ನೋವಿರಲ್ಲ."

ತಾತ ಎರಡೂ ಕೈಯೆತ್ತಿ ಅವಳ ತಲೆ ಸವರಿದರು. "ಕೊಡು ತಾಯಿ. ನಿನ್ ಒಟ್ಟೆ ತಣ್ಣಗಿರ್ಲಿ. ನೆನ್ನೆಯಿಂದ ಬಾಳ ನೋವು ತಿಂದೈತೆ."

ಇದು ವಾಸಿ ಮಾಡುವ ಸೂಜಿ ಅಲ್ಲ ಎಂದು ಹೇಳಲು ಅವಳು ಬಾಯಿ ತೆರೆದಳು. ಹೇಳಲಾಗಲಿಲ್ಲ. ನೀವು ಹೇಳಿ ಎಂದು ನನ್ನ ಕಡೆ ಸನ್ನೆ ಮಾಡಿದಳು, ನನಗೂ ಆಗಲಿಲ್ಲ.

"ಸೂಜಿ ಚುಚ್ಚೋದ್ ನಂಗೆ ನೋಡೋಕಾಗಲ್ಲಮ್ಮ," ಎಂದು ತಾತ ನಮಗೆ ಬೆನ್ನು ಮಾಡಿ ಏರಿಯ ಆಚೆ ಮಗ್ಗುಲಿಗೆ ಮುಖ ಹಾಕಿ ಕೂತರು. ಬಕೆಟನ್ನು ಹತ್ತಿರಕ್ಕೆ ಎಳೆದುಕೊಂಡರು.

ನಾನು ಕುಂಟೋದರ ತಲೆಯನ್ನು ಹಿಡಿದುಕೊಂಡೆ. ಮುಟ್ಟಬಾರದು ಎಂಬ ಕಾನೂನನ್ನು ಅಷ್ಟು ದಿನ ಪಾಲಿಸಿದ್ದವಳು, ಅವತ್ತೇ ಮೊದಲು ಮುಟ್ಟಿದ್ದು. ಹಣೆಯ ಕೂದಲು ಒರಟಾಗಿತ್ತು, ಬೆಚ್ಚಗಿತ್ತು. ಡಾಕ್ಟರಮ್ಮ ಕತ್ತಿನಲ್ಲಿ ನರ ಹುಡುಕಿ ಮೊದಲನೆಯ ಸೂಜಿ, ಆಮೇಲೆ ಎರಡನೆಯದು ಚುಚ್ಚಿದಳು. ಕುಂಟೋದು ಕಣ್ಣು ಮುಚ್ಚಿಕೊಳ್ಳಲಿಲ್ಲ, ಆದರೆ ನೋಡುವುದನ್ನು ಬಿಟ್ಟಿತು. ತಲೆ ನನ್ನ ಕೈಯಲ್ಲಿ ಭಾರವಾಯಿತು. ಅವಳು ಸ್ಟೆತಾಸ್ಕೋಪನ್ನು ಎದೆಗೆ ಒತ್ತಿ ತುಂಬ ಹೊತ್ತು ಕೇಳಿಸಿಕೊಂಡಳು. ಆಮೇಲೆ ಕಿವಿಯಿಂದ ತೆಗೆದು, ನನಗೆ ಕೇಳಲಿ ಎಂದು ಒಂದೇ ಮಾತು ಹೇಳಿದಳು.

"ನಿಂತಿದೆ."

ಬೆಳಗ್ಗೆ ಅಡ್ಮಿನ್ ಕೂಗಿದ್ದು ಕೇಳಿಸದ ಆ ಕಿವಿಗೆ ಆ ಒಂದು ಮಾತು ಕೇಳಿಸಿತು.

"ನಿಂತೈತಾ?" ಎಂದು ತಾತ ಮಂಡಿಯ ಮೇಲೆ ಕೈಯೂರಿ ಎದ್ದರು. "ತಡೀರಿ ತಡೀರಿ, ನೀರ್ ಕುಡೀಲಿ," ಅನ್ನುತ್ತ, ಎರಡು ಕೈಯಲ್ಲೂ ಬಕೆಟ್ ಎತ್ತಿಕೊಂಡು, ನೀರು ತುಳುಕಿಸುತ್ತ, ನಮ್ಮ ಕಡೆಗೆ ತಿರುಗಿದರು.